ಅಚಲೇಸಿಯಾಗೆ ಬಲೂನಾ, ಲ್ಯಾಪ್ರೋಸ್ಕೋಪಿನಾ, ಪೋಯಮ್ಮಾ? ಹೊಸನಗರದಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ದು ಹೊಸನಗರ ತಾಲ್ಲೂಕು, ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ನನ್ನ ಹೆಂಡ್ತಿಗೆ 38 ವರ್ಷ. ಮೂರು ವರ್ಷದಿಂದ ತಿಂದಿದ್ದು ಎದೆ ಹತ್ರ ನಿಂತ್ಕೊಳತ್ತೆ ಅಂತಾಳೆ, ಶುರುವಿಂದ್ಲೂ ಕಡುಬು, ರೊಟ್ಟಿ ಅಷ್ಟೇ ಅಲ್ಲ, ನೀರು ಕುಡಿದ್ರೂ ಕೆಲವು ಸಲ ಇಳಿಯಲ್ಲ. ರಾತ್ರಿ ಮಲಗಿದ್ರೆ ತಿಂದಿದ್ದು ವಾಪಸ್ ಬಾಯಿಗೆ ಬರತ್ತೆ, ಕೆಮ್ಮು ಶುರುವಾಗತ್ತೆ. ಗ್ಯಾಸ್ಟ್ರಿಕ್ ಮಾತ್ರೆ ತಗೊಂಡಿದ್ದೇ ತಗೊಂಡಿದ್ದು. ಎರಡು ಸಲ ಎಂಡೋಸ್ಕೋಪಿ ಮಾಡ್ಸಿದ್ವಿ, ನಾರ್ಮಲ್. ಮನೇಲಿ ಕೆಲವರು ಮನಸ್ಸಿನ ಖಾಯಿಲೆ ಅಂದ್ರು. ಈಗ ಒಂಬತ್ತು ಕೆಜಿ ಇಳಿದಿದ್ದಾಳೆ, ನೆಂಟರ ಮನೆ ಊಟಕ್ಕೆ ಹೋಗೋದೇ ಬಿಟ್ಟಿದ್ದಾಳೆ. ಕೊನೆಗೆ ಮ್ಯಾನೊಮೆಟ್ರಿ ಅಂತ ಟೆಸ್ಟ್ ಮಾಡ್ಸಿ ಅಚಲೇಸಿಯಾ ಟೈಪ್ 2 ಅಂದಿದಾರೆ. ಒಬ್ರು ಬಲೂನ್ ಹಾಕಣ ಅಂತಾರೆ, ಇನ್ನೊಬ್ರು ಲ್ಯಾಪ್ರೋಸ್ಕೋಪಿ, ಮತ್ತೊಬ್ರು ಬಾಯಿಂದಾನೇ ಮಾಡೋ ಪೋಯಮ್. ಯಾವ್ದು ಮಾಡಿಸ್ಬೇಕು? ಮಾತ್ರೇಲಿ ಹೋಗಲ್ವಾ? ಮುಂದೆ ಕ್ಯಾನ್ಸರ್ ಆಗತ್ತಾ? ಅಡಿಕೆ ಸುಗ್ಗಿ ಮುಗಿಸ್ಕೊಂಡು ಮಾಡಿಸಿದ್ರೆ ನಡಿಯತ್ತಾ?

ಉತ್ತರ:

ಮೊದಲನೇ ಮಾತು ನಿಮ್ಮ ಹೆಂಡ್ತಿಗೇ ಹೇಳ್ಬೇಕು, ದಯವಿಟ್ಟು ಓದಿ ಹೇಳಿ. ಅಮ್ಮಾ, ನೀವು ಹೇಳ್ತಾ ಇದ್ದಿದ್ದು ಮೂರು ವರ್ಷದಿಂದ್ಲೂ ಸರಿಯಾಗೇ ಇತ್ತು. ಇದು ಮನಸ್ಸಿನ ಖಾಯಿಲೆ ಅಲ್ಲ, ಹಠ ಅಲ್ಲ, ಊಟದ ಮೇಲಿನ ಬೇಜಾರೂ ಅಲ್ಲ. ಪಂಕ್ತೀಲಿ ಎಲ್ಲರೂ ಪಾಯಸಕ್ಕೆ ಬಂದಿರ್ತಾರೆ, ಈ ಖಾಯಿಲೆ ಇರೋರು ಇನ್ನೂ ಮೊದಲನೇ ಅನ್ನದಲ್ಲೇ ಇರ್ತಾರೆ, ಒಂದೊಂದು ತುತ್ತಿಗೂ ಲೋಟ ಎತ್ತಿ ನೀರು ಕುಡೀತಾರೆ, ಬೆನ್ನು ನೆಟ್ಟಗೆ ಮಾಡಿ ಭುಜ ಹಿಂದಕ್ಕೆ ಎಳೆದು ಒತ್ತಿ ಇಳಿಸ್ಕೋತಾರೆ, ಮಧ್ಯೆ ಎದ್ದು ಹಿತ್ಲಿಗೆ ಹೋಗಿ ಬರ್ತಾರೆ. ನೋಡೋರಿಗೆ ವಿಚಿತ್ರ ಅನ್ಸತ್ತೆ. ಅಚಲೇಸಿಯಾ ಇರೋರು ಹೆಚ್ಚುಕಮ್ಮಿ ಎಲ್ಲರೂ ಯಾರೂ ಹೇಳಿಕೊಡದೇ ಕಲ್ತುಕೊಳ್ಳೋ ಉಪಾಯ ಅದು, ಅನ್ನನಾಳದಲ್ಲಿ ನೀರಿನ ಭಾರ ಹೆಚ್ಚಾದ್ರೆ ಕೆಳಗಿನ ಬಾಯಿ ಸ್ವಲ್ಪ ತಳ್ಕೊಂಡು ತೆರ್ಕೊಳತ್ತೆ ಅಂತ ದೇಹಕ್ಕೇ ಗೊತ್ತಾಗಿರತ್ತೆ.

ಈಗ ಆಗಿರೋದು ಏನು ಅಂತ ಅರ್ಥ ಮಾಡ್ಕೊಂಡ್ರೆ ಮೂರು ದಾರೀಲಿ ಯಾವ್ದು ಅನ್ನೋದು ನಿಮಗೇ ಅರ್ಧ ಗೊತ್ತಾಗತ್ತೆ, ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಗಂಟಲಿಂದ ಹೊಟ್ಟೆವರೆಗೆ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ ಇರತ್ತೆ. ನಾವು ನುಂಗಿದ ತಕ್ಷಣ ಎರಡು ಕೆಲಸ ಆಗ್ಬೇಕು. ಒಂದು, ನಾಳದ ಸ್ನಾಯು ಮೇಲಿಂದ ಕೆಳಗೆ ಅಲೆ ಥರ ಹಿಂಡ್ತಾ ತುತ್ತನ್ನ ತಳ್ಳಬೇಕು. ಇನ್ನೊಂದು, ಹೊಟ್ಟೆಗೆ ಸೇರೋ ಜಾಗದಲ್ಲಿ ಮೂರು ನಾಲ್ಕು ಸೆಂಟಿಮೀಟರಿನ ಒಂದು ಬಿಗಿ ಉಂಗುರ ಇದೆ, ಅದು ಆ ಹೊತ್ತಿಗೆ ಸಡಿಲ ಆಗ್ಬೇಕು. ಸಡಿಲ ಆಗು ಅಂತ ಹೇಳೋ ನರಗಳು ಬೇರೆ, ಬಿಗಿ ಆಗು ಅಂತ ಹೇಳೋ ನರಗಳು ಬೇರೆ. ಅಚಲೇಸಿಯಾದಲ್ಲಿ ಸಡಿಲ ಮಾಡೋ ನರಗಳು ಮಾತ್ರ ನಿಧಾನಕ್ಕೆ ಸತ್ತುಹೋಗತ್ವೆ, ಬಿಗಿ ಮಾಡೋವು ಉಳಿಯತ್ವೆ. ಹಾಗಾಗಿ ಉಂಗುರ ಯಾವಾಗ್ಲೂ ಮುಚ್ಚೇ ಇರತ್ತೆ, ಜೊತೆಗೆ ಮೇಲಿನ ಅಲೆಯೂ ನಿಂತುಹೋಗತ್ತೆ. ಕೆರೆ ತೂಬು ಕಚ್ಕೊಂಡು ತೆಗಿಯೋಕೆ ಬಾರದೇ ಇದ್ರೆ ನೀರು ಹಿಂದೆ ಹಿಂದೆ ನಿಲ್ಲತ್ತಲ್ಲ, ಅದೇ ಕಥೆ ಇಲ್ಲಿ, ತಿಂದಿದ್ದು ಅನ್ನನಾಳದಲ್ಲೇ ನಿಂತು ನಿಂತು ನಾಳ ಅಗಲ ಆಗ್ತಾ ಹೋಗತ್ತೆ, ಮಲಗಿದಾಗ ಬಾಯಿಗೆ ಬರತ್ತೆ, ಒಂಚೂರು ಶ್ವಾಸನಾಳಕ್ಕೆ ಜಾರಿ ಕೆಮ್ಮು, ಕೆಲವರಿಗೆ ನ್ಯುಮೋನಿಯಾನೂ ಆಗತ್ತೆ.

ನರಗಳು ಯಾಕೆ ಸಾಯತ್ವೆ? ದೇಹದ ರೋಗನಿರೋಧಕ ವ್ಯವಸ್ಥೆಯೇ ಅವುಗಳ ಮೇಲೆ ಬೀಳತ್ತೆ ಅನ್ನೋದಕ್ಕೆ ಸಾಕಷ್ಟು ಆಧಾರ ಇದೆ. ಖಾರ ತಿಂದಿದ್ದಕ್ಕೆ, ಹೊತ್ತಿಗೆ ಸರಿಯಾಗಿ ಊಟ ಮಾಡದ್ದಕ್ಕೆ, ಎಲೆಅಡಿಕೆ ಹಾಕಿದ್ದಕ್ಕೆ ಇದು ಬರೋದಲ್ಲ. ಎಲೆಅಡಿಕೆ ಬಿಡೋಕೆ ಬೇರೆ ಕಾರಣಗಳು ಬೇಕಾದಷ್ಟಿವೆ, ಆದ್ರೆ ಈ ಖಾಯಿಲೆಗೆ ನೀವು ಮಾಡಿದ ತಪ್ಪು ಅಂತ ಯಾವ್ದೂ ಇಲ್ಲ.

ಮೂರು ವರ್ಷ ಯಾಕೆ ಗೊತ್ತಾಗ್ಲಿಲ್ಲ ಅನ್ನೋ ಸಂಕಟ ನಿಮ್ಮ ಕಾಗದದಲ್ಲಿ ಕಾಣತ್ತೆ. ಇದು ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ರಿಗೆ ಹೊಸದಾಗಿ ಬರೋ ಖಾಯಿಲೆ. ಶಿವಮೊಗ್ಗ ಜಿಲ್ಲೆ ಜನಸಂಖ್ಯೆ 2011ರ ಗಣತೀಲಿ ಹದಿನೇಳೂವರೆ ಲಕ್ಷ. ಅಂದ್ರೆ ಆ ಲೆಕ್ಕದಲ್ಲಿ ಇಡೀ ಜಿಲ್ಲೇಲಿ ವರ್ಷಕ್ಕೆ ಹದಿನೇಳು ಹದಿನೆಂಟು ಜನ, ಒಬ್ಬ ಊರಿನ ಡಾಕ್ಟ್ರ ಹತ್ರ ಎದೆ ಉರಿ ಅಂತ ಬರೋರು ಸಾವಿರಾರು ಜನ ಇದ್ರೆ ಅದರಲ್ಲಿ ಇದು ಒಬ್ರಿಗೆ. ಜೊತೆಗೆ ಇದರಲ್ಲೂ ಎದೆ ಉರಿಯತ್ತೆ, ಹೊಟ್ಟೆ ಆಸಿಡ್ ಮೇಲೆ ಬಂದು ಅಲ್ಲ, ನಿಂತ ಅನ್ನ ಅಲ್ಲೇ ಹುಳಿತು. ಅದಕ್ಕೇ ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ಟ್ರಿಕ್ ಮಾತ್ರೆ ಎಷ್ಟು ತಗೊಂಡ್ರೂ ಉಪಯೋಗ ಆಗ್ಲಿಲ್ಲ. ಎಂಡೋಸ್ಕೋಪಿನೂ ಶುರುವಿನ ಹಂತದಲ್ಲಿ ನಾರ್ಮಲ್ ಅಂತಾನೇ ಬರೋದು ತುಂಬಾ ಸಾಮಾನ್ಯ, ಯಾಕಂದ್ರೆ ಅದು ಒಳಗಿನ ಪೊರೆ ನೋಡತ್ತೆ, ಪೊರೆ ಚೆನ್ನಾಗೇ ಇರತ್ತೆ, ಕೆಟ್ಟಿರೋದು ಸ್ನಾಯುವಿನ ಕೆಲಸ.

ಆದ್ರೆ ಒಂದು ಸೂಚನೆ ನಿಮ್ಮ ಪ್ರಶ್ನೇಲೇ ಇದೆ, ಇದನ್ನ ಓದ್ತಿರೋ ಬೇರೆಯವರೂ ನೆನಪಿಟ್ಕೊಳ್ಳಿ. ಗಟ್ಟಿ ಪದಾರ್ಥ, ನೀರು ಎರಡೂ ಶುರುವಿಂದ್ಲೇ ನಿಲ್ಲತ್ತೆ ಅಂದ್ರೆ ನಾಳದ ಚಲನೆಯ ತೊಂದ್ರೆ ಅನ್ನೋ ಅನುಮಾನ ಮೊದ್ಲು ಬರ್ಬೇಕು. ಮೊದ್ಲು ಬರೀ ರೊಟ್ಟಿ, ಆಮೇಲೆ ಅನ್ನ, ಆಮೇಲೆ ಗಂಜಿ, ಕೊನೆಗೆ ನೀರು ಅಂತ ಕೆಲವೇ ತಿಂಗಳಲ್ಲಿ ಮೆಟ್ಟಲು ಮೆಟ್ಟಲಾಗಿ ಕಮ್ಮಿ ಆಗ್ತಾ ಬಂದ್ರೆ ಅದು ಗಡ್ಡೆಯ ಲಕ್ಷಣ ಇರಬಹುದು, ಅಂಥೋರು ಒಂದು ವಾರವೂ ಕಾಯಬಾರ್ದು. ಎರಡರಲ್ಲಿ ಯಾವ್ದೇ ಆಗ್ಲಿ, ನುಂಗೋಕೆ ಕಷ್ಟ ಅನ್ನೋದಕ್ಕೆ ಮೆಡಿಕಲ್ ಶಾಪಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ತಗೊಳ್ಳೋದು ಮದ್ದಲ್ಲ.

ಮ್ಯಾನೊಮೆಟ್ರಿ ಮಾಡ್ಸಿದ್ದು ಬಹಳ ಒಳ್ಳೇದಾಯ್ತು. ಮೂಗಿಂದ ತೆಳ್ಳಗಿನ ಟ್ಯೂಬ್ ಬಿಟ್ಟು ಚೂರು ಚೂರು ನೀರು ನುಂಗಿಸಿ ಒತ್ತಡ ಅಳೀತಾರಲ್ಲ, ಐದು ಹತ್ತು ನಿಮಿಷ ಕಿರಿಕಿರಿ ಆದ್ರೂ ಅದೊಂದೇ ಟೆಸ್ಟು ಖಚಿತವಾಗಿ ಹೇಳೋದು. ಟೈಪ್ 1 ಅಂದ್ರೆ ನಾಳದಲ್ಲಿ ಒತ್ತಡವೇ ಇಲ್ಲ, ಸೋತು ಮಲಗಿದೆ. ಟೈಪ್ 2 ಅಂದ್ರೆ ಅಲೆ ಇಲ್ಲ, ಆದ್ರೆ ನುಂಗಿದಾಗ ನಾಳ ಪೂರ್ತಿ ಒಂದೇ ಸಲ ಒತ್ತಡ ತುಂಬ್ಕೊಳತ್ತೆ. ಟೈಪ್ 3 ಅಂದ್ರೆ ನಾಳದ ಕೆಳಭಾಗ ಅಡ್ಡಾದಿಡ್ಡಿ ಸೆಟೆದುಕೊಳ್ಳತ್ತೆ, ಎದೆ ನೋವು ಜಾಸ್ತಿ. ಮೂರರಲ್ಲಿ ಚಿಕಿತ್ಸೆಗೆ ಅತಿ ಚೆನ್ನಾಗಿ ಬಗ್ಗೋದು ಟೈಪ್ 2, ನಿಮ್ಮ ಹೆಂಡ್ತಿಗೆ ಇರೋದೇ ಅದು. ಬೇರಿಯಂ ಕುಡಿಸಿ ಎಕ್ಸ್‌ರೇ ತೆಗ್ದಿಲ್ಲ ಅಂದ್ರೆ ಅದನ್ನೊಂದು ಮಾಡ್ಸಿ. ಕುಡಿದ 1, 2, 5 ನಿಮಿಷಕ್ಕೆ ಒಂದೊಂದು ಫಿಲ್ಮ್ ತೆಗೀತಾರೆ, ನಾಳ ಎಷ್ಟು ಅಗಲ ಆಗಿದೆ, ಇನ್ನೂ ನೆಟ್ಟಗಿದೆಯಾ ಬಳುಕಿದೆಯಾ, ಐದು ನಿಮಿಷ ಆದ್ಮೇಲೂ ಎಷ್ಟು ಎತ್ತರಕ್ಕೆ ನಿಂತಿದೆ ಅಂತ ಕಾಣತ್ತೆ, ಆಪರೇಷನ್ ಆದ್ಮೇಲೆ ಅದೇ ಫಿಲ್ಮ್ ಪಕ್ಕ ಇಟ್ಟು ನೋಡಬಹುದು.

ಮಾತ್ರೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಸತ್ತ ನರವನ್ನ ವಾಪಸ್ ತರೋ ಔಷಧಿ ಅಲೋಪತಿ, ಆಯುರ್ವೇದ ಯಾವುದರಲ್ಲೂ ಇಲ್ಲ. ನಿಫೆಡಿಪಿನ್, ಸೋರ್ಬಿಟ್ರೇಟ್ ಥರದ ಮಾತ್ರೆ ಊಟಕ್ಕೆ ಮುಂಚೆ ನಾಲಿಗೆ ಕೆಳಗೆ ಇಟ್ರೆ ಉಂಗುರ ಸ್ವಲ್ಪ ಹೊತ್ತು ಸಡಿಲ ಆಗತ್ತೆ, ಆದ್ರೆ ತಲೆನೋವು, ಬಿಪಿ ಇಳಿಯೋದು ಕಾಡತ್ತೆ, ದಿನಾ ಅದನ್ನ ನಂಬ್ಕೊಂಡು ಬದುಕೋಕೆ ಆಗಲ್ಲ. ಬೋಟಾಕ್ಸ್ ಇಂಜೆಕ್ಷನ್ ಎಂಡೋಸ್ಕೋಪಿಲಿ ಕೊಡ್ತಾರೆ, ಆರು ತಿಂಗಳಿಂದ ವರ್ಷದ ಒಳಗೆ ಅದರ ಪ್ರಭಾವ ಹೋಗತ್ತೆ. ವಯಸ್ಸಾದೋರು, ಹಾರ್ಟ್ ಗಟ್ಟಿ ಇಲ್ಲದೆ ಅನಸ್ತೇಶಿಯಾ ತಡೆಯೋಕಾಗ್ದೇ ಇರೋರಿಗೆ ಅದು ಸರಿ. 38ರ ಹೆಣ್ಮಗಳಿಗೆ ಬೇಡ, ಪದೇ ಪದೇ ಚುಚ್ಚಿದ ಜಾಗ ಗಂಟುಕಟ್ಟಿ ಮುಂದೆ ಆಪರೇಷನ್ ಮಾಡೋಕೇ ಕಷ್ಟ ಆಗತ್ತೆ.

ಈಗ ಮುಖ್ಯ ವಿಷಯ. ಬಲೂನ್, ಲ್ಯಾಪ್ರೋಸ್ಕೋಪಿ, ಪೋಯಮ್ ಮೂರೂ ಮಾಡೋದು ಒಂದೇ ಕೆಲಸ, ಆ ಬಿಗಿ ಉಂಗುರವನ್ನ ಬಿಡಿಸೋದು. ತಳ್ಳೋ ಅಲೆಯನ್ನ ಮೂರರಲ್ಲಿ ಯಾವ್ದೂ ವಾಪಸ್ ತರಲ್ಲ. ಆಪರೇಷನ್ ಆದ್ಮೇಲೆ ಊಟ ಇಳಿಯೋದು ಅದರ ಭಾರಕ್ಕೆ, ನೀವು ನೆಟ್ಟಗೆ ಕೂತಿದ್ದಕ್ಕೆ. ಇದನ್ನ ಮೊದಲೇ ಯಾರೂ ಹೇಳದೆ ಇದ್ರೆ ಆಮೇಲೆ ಒಂದು ದಿನ ಚಪಾತಿ ನಿಂತ್ಕೊಂಡಾಗ ಆಪರೇಷನ್ ಫೇಲ್ ಆಯ್ತು ಅಂತ ಹೆದರಿ ಓಡಿ ಬರ್ತಾರೆ.

ಬಲೂನ್ ಅಂದ್ರೆ ಎಂಡೋಸ್ಕೋಪಿ ಜೊತೆ ಎಕ್ಸ್‌ರೇ ನೋಡ್ತಾ ಉಂಗುರದೊಳಗೆ 30 ಮಿಲಿಮೀಟರಿನ ಗಟ್ಟಿ ಬಲೂನ್ ಇಟ್ಟು ಗಾಳಿ ತುಂಬಿ ಸ್ನಾಯುವನ್ನ ಹಿಗ್ಗಿಸಿ ಹರಿಯೋದು, ಸಾಲ್ದಿದ್ರೆ ಕೆಲವು ವಾರ ಬಿಟ್ಟು 35, ಆಮೇಲೆ 40. ಈ ಐಡಿಯಾ ಹೊಸದಲ್ಲ, 1674ರಲ್ಲೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ತಿಮಿಂಗಿಲದ ಮೂಳೆ ತುದಿಗೆ ಸ್ಪಂಜ್ ಕಟ್ಟಿ ಒಬ್ಬ ರೋಗಿಯ ಅನ್ನ ಕೆಳಗೆ ತಳ್ಳಿಸಿ ಬದುಕಿಸಿದ್ದ ಅಂತ ದಾಖಲೆ ಇದೆ. ಬಲೂನಿಗೆ ಹೊಟ್ಟೆ ಮೇಲೆ ಗಾಯ ಇಲ್ಲ, ಒಂದೆರಡು ದಿನದಲ್ಲಿ ಮನೆಗೆ, ಖರ್ಚು ಕಮ್ಮಿ. ತೊಂದ್ರೆ ಎರಡು. ನೂರರಲ್ಲಿ ಒಂದೆರಡು ಜನಕ್ಕೆ ಬಲೂನ್ ಹಿಗ್ಗಿದಾಗ ನಾಳವೇ ತೂತಾಗತ್ತೆ, ತಕ್ಷಣ ಆಪರೇಷನ್ ಬೇಕಾಗಬಹುದು. ಇನ್ನೊಂದು, ಮತ್ತೆ ಮತ್ತೆ ಮಾಡಿಸ್ಬೇಕಾಗಬಹುದು. 2011ರಲ್ಲಿ ಯುರೋಪಿನ ದೊಡ್ಡ ಅಧ್ಯಯನ ಒಂದು ಬಂತು, ಬಲೂನ್ ಒಂದು ಕಡೆ, ಲ್ಯಾಪ್ರೋಸ್ಕೋಪಿ ಒಂದು ಕಡೆ, ಎರಡು ವರ್ಷಕ್ಕೆ ಯಶಸ್ಸು ಶೇ. 86 ಮತ್ತು ಶೇ. 90, ಅಂದ್ರೆ ಹೆಚ್ಚುಕಮ್ಮಿ ಸಮ. ಆದ್ರೆ ಬಲೂನ್ ಗುಂಪಿಗೆ ಆ ಫಲಿತಾಂಶ ಬಂದಿದ್ದು ಬೇಕಾದೋರಿಗೆ ಮತ್ತೆ ಹಿಗ್ಗಿಸಿ, ಹಾಗೆ ಮತ್ತೆ ಬೇಕಾದೋರಲ್ಲಿ 40ಕ್ಕಿಂತ ಚಿಕ್ಕ ವಯಸ್ಸಿನವರೇ ಜಾಸ್ತಿ. ನಿಮ್ಮ ಹೆಂಡ್ತಿ ವಯಸ್ಸು ಇಲ್ಲಿ ನೆನಪಿಟ್ಕೊಳ್ಳಿ.

ಲ್ಯಾಪ್ರೋಸ್ಕೋಪಿ ಆಪರೇಷನ್ನಿಗೆ ಹೆಲ್ಲರ್ ಮಯಾಟಮಿ ಅಂತಾರೆ. ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ 1913ರಲ್ಲಿ ಹೊಟ್ಟೆ ಕೊಯ್ದು ಮೊದಲ ಸಲ ಮಾಡಿದ್ದು, 1990ರ ದಶಕದ ಶುರುವಲ್ಲಿ ಅದು ಸಣ್ಣ ತೂತುಗಳ ಆಪರೇಷನ್ ಆಯ್ತು. ನಾನು ಹೇಳ್ತೀನಿ ಒಳಗೆ ಏನ್ ನಡಿಯತ್ತೆ ಅಂತ, ಯಾಕಂದ್ರೆ ಆಪರೇಷನ್ ಅಂದ ಕೂಡ್ಲೇ ಎಲ್ರಿಗೂ ಅನ್ನನಾಳ ಕತ್ತರಿಸಿ ತೆಗೀತಾರೆ ಅನ್ನೋ ಭಯ ಇರತ್ತೆ. ಏನನ್ನೂ ತೆಗಿಯಲ್ಲ. ಹೊಟ್ಟೆ ಮೇಲ್ಭಾಗದಲ್ಲಿ ಐದು ಸಣ್ಣ ತೂತು, ಒಂದೊಂದು 5ರಿಂದ 10 ಮಿಲಿಮೀಟರ್, ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡ್ಕೋತೀವಿ, ಲಿವರ್‌ನ ಎಡಭಾಗ ಮೇಲಕ್ಕೆ ಎತ್ತಿ ಹಿಡೀತೀವಿ, ಅಲ್ಲಿ ಅನ್ನನಾಳ ಹೊಟ್ಟೆಗೆ ಸೇರೋ ಜಾಗ ಸ್ಕ್ರೀನ್ ಮೇಲೆ ದೊಡ್ಡದಾಗಿ ಕಾಣತ್ತೆ. ಮೇಲಿನ ಉದ್ದುದ್ದ ಸ್ನಾಯು ಎಳೆಗಳನ್ನ ಬಿಡಿಸಿದ್ರೆ ಅಡಿಯಲ್ಲಿ ಅಡ್ಡಡ್ಡ ಸುತ್ತಿರೋ ಎಳೆಗಳು, ತೊಂದ್ರೆ ಮಾಡ್ತಿರೋದು ಇವೇ. ಒಂದೊಂದೇ ಎಳೆ ಎತ್ತಿ ಕತ್ತರಿಸ್ತಾ ಹೋಗ್ತೀವಿ, ಅನ್ನನಾಳದ ಮೇಲೆ ಸುಮಾರು 6 ಸೆಂಟಿಮೀಟರ್, ಹೊಟ್ಟೆ ಕಡೆಗೆ ಇನ್ನೊಂದು 2ರಿಂದ 3. ಎಳೆ ಕಡೀತಾ ಇದ್ದ ಹಾಗೆ ಒಳಗಿನ ತೆಳು ಪೊರೆ ಬೆಳ್ಳಗೆ ಹೊರಗೆ ಉಬ್ಬಿಕೊಂಡು ಬರತ್ತೆ. ಆ ಪೊರೆ ಕಾಗದಕ್ಕಿಂತ ಸ್ವಲ್ಪ ದಪ್ಪ ಅಷ್ಟೇ, ಅದಕ್ಕೆ ಗಾಯ ಆಗದೇ ಎಲ್ಲ ಎಳೆ ಬಿಡಿಸೋದೇ ಇಡೀ ಆಪರೇಷನ್ನಿನ ಜಾಣ್ಮೆ. ಹೊಟ್ಟೆ ಕಡೆಯ ಆ ಕೊನೇ ಎರಡು ಸೆಂಟಿಮೀಟರ್ ಅತಿ ಕಷ್ಟದ್ದು, ಅಲ್ಲಿ ಪೊರೆ ಅಂಟ್ಕೊಂಡಿರತ್ತೆ, ಕೈ ಹಿಂಜರಿದು ಅರ್ಧಕ್ಕೇ ನಿಲ್ಸಿದ್ರೆ ಆರು ತಿಂಗಳಿಗೆ ನುಂಗೋ ತೊಂದ್ರೆ ವಾಪಸ್. ಕತ್ತರಿಸಿ ಆದ್ಮೇಲೆ ಟೇಬಲ್ ಮೇಲೇ ಎಂಡೋಸ್ಕೋಪ್ ಹಾಕಿ ನೋಡ್ಬೇಕು, ಬಾಗಿಲು ಸಲೀಸಾಗಿ ತೆರೀತಾ, ನೀರಲ್ಲಿ ಮುಳುಗಿಸಿ ಗಾಳಿ ಬಿಟ್ರೆ ಗುಳ್ಳೆ ಬರತ್ತಾ ಅಂತ. ಗುಳ್ಳೆ ಬಂದ್ರೆ ಪೊರೇಲಿ ತೂತು ಇದೆ ಅಂತ ಅರ್ಥ, ಅಲ್ಲೇ ಹೊಲಿಗೆ ಹಾಕಿದ್ರೆ ಸಾಮಾನ್ಯವಾಗಿ ಮುಂದೆ ಏನೂ ತೊಂದ್ರೆ ಆಗಲ್ಲ, ಕಾಣದೇ ಉಳಿದ ತೂತೇ ಅಪಾಯ.

ಇಷ್ಟಕ್ಕೇ ನಿಲ್ಲಿಸಬಾರ್ದು. ಬಾಗಿಲು ಪೂರ್ತಿ ತೆಗೆದಿಟ್ಟ ಮೇಲೆ ಈಗ ಹೊಟ್ಟೆ ಆಸಿಡ್ ಮೇಲೆ ಬರೋಕೆ ಅಡ್ಡ ಇಲ್ಲ. ಅದಕ್ಕೆ ಹೊಟ್ಟೆಯ ಮೇಲಿನ ಮಡಿಕೆಯನ್ನ ಎಳೆದು ಕತ್ತರಿಸಿದ ಜಾಗದ ಮೇಲೆ ಮುಂದಿನಿಂದ ಅರ್ಧ ಸುತ್ತು ಹೊದಿಸಿ ಹೊಲೀತೀವಿ, ಇದಕ್ಕೆ ಡೋರ್ ಫಂಡೋಪ್ಲಿಕೇಶನ್ ಅಂತ ಹೆಸರು, ಫ್ರಾನ್ಸಿನ ಸರ್ಜನ್ ಡೋರ್ 1962ರಲ್ಲಿ ಶುರು ಮಾಡಿದ್ದು. 2004ರ ಒಂದು ಸಣ್ಣ ಅಧ್ಯಯನದಲ್ಲಿ ಈ ಹೊದಿಕೆ ಹಾಕದೇ ಇದ್ದೋರಲ್ಲಿ ಶೇ. 48ರಷ್ಟು ಜನಕ್ಕೆ ಹೀಗೆ ಆಸಿಡ್ ಮೇಲೆ ಬರೋ ತೊಂದ್ರೆ (ರಿಫ್ಲಕ್ಸ್), ಹಾಕಿದೋರಲ್ಲಿ ಶೇ. 9. ಹಾಗಂತ ಬರೀ ರಿಫ್ಲಕ್ಸ್ ಖಾಯಿಲೆಗೆ ಮಾಡೋ ಹಾಗೆ ಪೂರ್ತಿ 360 ಡಿಗ್ರಿ ಸುತ್ತಬಾರ್ದು. ತಳ್ಳೋ ಶಕ್ತಿ ಇಲ್ಲದ ಅನ್ನನಾಳಕ್ಕೆ ಪೂರ್ತಿ ಸುತ್ತು ಅಂದ್ರೆ ಮತ್ತೆ ಬಾಗಿಲು ಹಾಕಿದ ಹಾಗೇ.

ಪೋಯಮ್ ಅನ್ನೋದು ಜಪಾನಿನ ಹರುಹಿರೋ ಇನೋಯೆ 2008ರಲ್ಲಿ ಮನುಷ್ಯರಲ್ಲಿ ಶುರು ಮಾಡಿದ್ದು. ಬಾಯಿಂದ ಎಂಡೋಸ್ಕೋಪ್ ಬಿಟ್ಟು ಅನ್ನನಾಳದ ಮಧ್ಯದಲ್ಲಿ ಪೊರೇನ ಸಣ್ಣದಾಗಿ ಕೊಯ್ದು, ಪೊರೆಗೂ ಸ್ನಾಯುವಿಗೂ ಮಧ್ಯೆ ಸುರಂಗ ಮಾಡ್ಕೊಂಡು ಕೆಳಗಿನವರೆಗೆ ಹೋಗಿ, ಒಳಗಿಂದಾನೇ ಅದೇ ಅಡ್ಡ ಎಳೆಗಳನ್ನ ಕತ್ತರಿಸಿ, ವಾಪಸ್ ಬರುವಾಗ ಮೊದಲು ಪೊರೆ ಕೊಯ್ದ ಜಾಗಕ್ಕೆ ಕ್ಲಿಪ್ ಹಾಕಿ ಮುಚ್ಚೋದು. ಹೊರಗೆ ಒಂದು ಗಾಯವೂ ಇಲ್ಲ, ನೋವು ಕಮ್ಮಿ, ಎಷ್ಟು ಉದ್ದ ಬೇಕಾದ್ರೂ ಕತ್ತರಿಸಬಹುದು. ಅದಕ್ಕೇ ಟೈಪ್ 3ಕ್ಕೆ ಇದನ್ನ ಮೀರಿಸಿದ್ದಿಲ್ಲ, ಮೊದಲೇ ಒಂದು ಆಪರೇಷನ್ ಆಗಿ ಫೇಲ್ ಆಗಿರೋರಿಗೂ ಇದು ಒಳ್ಳೇ ದಾರಿ. ಕೊರತೆ ಏನಂದ್ರೆ ಒಳಗಿಂದ ಆ ಹೊದಿಕೆ ಹಾಕೋಕೆ ಆಗಲ್ಲ. 2019ರಲ್ಲಿ ಪೋಯಮ್‌ಗೂ ಹೆಲ್ಲರ್‌ಗೂ ಹೋಲಿಸಿದ ಅಧ್ಯಯನದಲ್ಲಿ ಎರಡು ವರ್ಷದ ಯಶಸ್ಸು ಶೇ. 83 ಮತ್ತು ಶೇ. 82, ಒಂದೇ ಅನ್ನಿ, ಆದ್ರೆ ಎಂಡೋಸ್ಕೋಪಿಲಿ ಆಸಿಡ್‌ನ ಹುಣ್ಣು ಕಂಡಿದ್ದು ಪೋಯಮ್ ಆದೋರಲ್ಲಿ ಶೇ. 44, ಹೆಲ್ಲರ್ ಆದೋರಲ್ಲಿ ಶೇ. 29. ಆ ಹುಣ್ಣುಗಳು ಬಹುಪಾಲು ಸಣ್ಣವು, ಮಾತ್ರೆಗೆ ಬಗ್ಗತ್ವೆ, ಆದ್ರೆ ಮಾತ್ರೆ ವರ್ಷಗಟ್ಲೆ ಬೇಕು, ಎಂಡೋಸ್ಕೋಪಿ ಫಾಲೋಅಪ್ ತಪ್ಪಿಸಬಾರ್ದು.

ಹಾಗಾದ್ರೆ ನಿಮಗೆ ಯಾವ್ದು? ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. 38 ವರ್ಷ, ಟೈಪ್ 2, ಬೇರೆ ಖಾಯಿಲೆ ಇಲ್ಲ, ಮುಂದೆ ನಲವತ್ತು ವರ್ಷದ ಬದುಕು ಇದೆ, ಮನೆ ಇರೋದು ಹೊಸನಗರದ ಒಳಗೆ, ಪದೇ ಪದೇ ದೊಡ್ಡ ಆಸ್ಪತ್ರೆಗೆ ಓಡಾಡೋದು ಸುಲಭ ಅಲ್ಲ. ಇಷ್ಟೂ ಸೇರಿಸಿ ನೋಡಿದ್ರೆ ನಾನು ಲ್ಯಾಪ್ರೋಸ್ಕೋಪಿ ಹೆಲ್ಲರ್, ಜೊತೆಗೆ ಡೋರ್ ಹೊದಿಕೆ, ಅದನ್ನೇ ಆರಿಸ್ತೀನಿ. ಒಂದೇ ಸಲಕ್ಕೆ ಕೆಲಸ ಮುಗಿಯೋ ಸಾಧ್ಯತೆ ಜಾಸ್ತಿ, ಆಸಿಡ್ ಕಾಟ ಕಮ್ಮಿ. ಆದ್ರೆ ನಿಮಗೆ ಸಿಗೋ ಜಾಗದಲ್ಲಿ ಪೋಯಮ್ ತುಂಬಾ ಮಾಡಿರೋ ಒಳ್ಳೇ ತಂಡ ಇದ್ದು, ಹೆಲ್ಲರ್ ಅಪರೂಪಕ್ಕೆ ಮಾಡೋರು ಮಾತ್ರ ಇದ್ರೆ ಪೋಯಮ್ಮೇ ಮಾಡ್ಸಿ. ಈ ಖಾಯಿಲೇಲಿ ಯಾವ ವಿಧಾನ ಅನ್ನೋದಕ್ಕಿಂತ ಯಾರ ಕೈ ಅನ್ನೋದು ದೊಡ್ಡದು. ಲ್ಯಾಪ್ರೋಸ್ಕೋಪಿಲಿ ಗಾಲ್ ಬ್ಲಾಡರ್ ತೆಗಿಯೋದು ಈಗ ಶಿವಮೊಗ್ಗದಲ್ಲೂ ದಿನನಿತ್ಯದ ಕೆಲಸ, ಆದ್ರೆ ಗಾಲ್ ಬ್ಲಾಡರ್ ಚೆನ್ನಾಗಿ ಮಾಡ್ತಾರೆ ಅಂದ ಮಾತ್ರಕ್ಕೆ ಹೆಲ್ಲರ್ ಮಾಡ್ತಾರೆ ಅಂತಲ್ಲ. ಸರ್ಜನ್ ಹತ್ರ ಸಂಕೋಚ ಪಡದೇ ಕೇಳಿ: ನೀವು ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ, ಟೇಬಲ್ ಮೇಲೆ ಎಂಡೋಸ್ಕೋಪಿ ನೋಡ್ತೀರಾ, ಹೊದಿಕೆ ಹಾಕ್ತೀರಾ, ಪೊರೆ ತೂತಾದ್ರೆ ಏನ್ ಮಾಡ್ತೀರಿ. ಒಳ್ಳೇ ಸರ್ಜನ್ ಈ ಪ್ರಶ್ನೆಗೆ ಕೋಪ ಮಾಡ್ಕೊಳಲ್ಲ.

ಕ್ಯಾನ್ಸರ್ ವಿಷಯ. ಅಚಲೇಸಿಯಾ ಕ್ಯಾನ್ಸರ್ ಅಲ್ಲ. ಅನ್ನ ವರ್ಷಾನುಗಟ್ಲೆ ನಿಂತು ಕೊಳೆತು ಪೊರೆಗೆ ಉರಿಯೂತ ಆಗಿ ಬಹಳ ವರ್ಷದ ಮೇಲೆ ಅನ್ನನಾಳದ ಕ್ಯಾನ್ಸರ್ ಬರೋ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ ಇರತ್ತೆ, ಆದ್ರೂ ಬಹುಪಾಲು ಜನಕ್ಕೆ ಬರಲ್ಲ. ಆಪರೇಷನ್ ಆದ್ಮೇಲೂ ಕೆಲವು ವರ್ಷಕ್ಕೊಂದು ಎಂಡೋಸ್ಕೋಪಿ ಇಟ್ಕೊಳ್ಳಿ, ಕವಳ ತಂಬಾಕು ಅಭ್ಯಾಸ ಇದ್ರೆ ಇವತ್ತೇ ಬಿಡಿಸಿ.

ಆಪರೇಷನ್ನಿಗೆ ಮುಂಚಿನ ದಿನಗಳನ್ನ ಜನ ಹಗುರ ಮಾಡ್ತಾರೆ, ನನಗೆ ಅಲ್ಲೇ ಜಾಸ್ತಿ ಭಯ. ಅನಸ್ತೇಶಿಯಾ ಕೊಡೋ ಹೊತ್ತಲ್ಲಿ ಅನ್ನನಾಳದಲ್ಲಿ ನಿಂತಿರೋ ಊಟ ಶ್ವಾಸಕೋಶಕ್ಕೆ ಹೋದ್ರೆ ಪ್ರಾಣಕ್ಕೇ ಕಷ್ಟ. ಬೇರೆ ಆಪರೇಷನ್ನಿಗೆ ಹಿಂದಿನ ರಾತ್ರಿಯಿಂದ ಉಪವಾಸ ಸಾಕು, ಇದಕ್ಕೆ ಸಾಲಲ್ಲ, ಎರಡು ಮೂರು ದಿನ ಮುಂಚಿಂದ್ಲೇ ಬರೀ ನೀರಾಗಿರೋದು, ಗಂಜಿ ತಿಳಿ, ಎಳನೀರು, ಸೋಸಿದ ಸಾರು, ಆಮೇಲೆ ಬೇಕಾದ್ರೆ ಟ್ಯೂಬ್ ಹಾಕಿ ತೊಳೀತಾರೆ. ಮನೇಲಿ ಯಾರೋ ಪಾಪ ಅಂತ ಒಂದು ಇಡ್ಲಿ ತಿನ್ನಿಸಿದ್ರೆ ಅದನ್ನ ಮುಚ್ಚಿಡಬೇಡಿ, ಅನಸ್ತೇಶಿಯಾ ಡಾಕ್ಟ್ರಿಗೆ ಹೇಳಿಬಿಡಿ, ಒಂದು ದಿನ ಮುಂದೆ ಹೋದ್ರೆ ನಷ್ಟ ಇಲ್ಲ. ಅಲ್ಲಿವರೆಗೂ ರಾತ್ರಿ ಊಟ ಸಂಜೆ ಏಳರೊಳಗೆ ಮುಗಿಸಿ, ಮಂಚದ ತಲೆಕಡೆ ಕಾಲಿಗೆ ಅರ್ಧ ಅಡಿ ಎತ್ತರದ ಮರದ ತುಂಡು ಕೊಡಿ, ಬರೀ ದಿಂಬು ಜಾಸ್ತಿ ಇಟ್ರೆ ಹೊಟ್ಟೆ ಮಡಚ್ಕೊಂಡು ಉಪಯೋಗ ಆಗಲ್ಲ.

ಆದ ದಿನವೇ ಸಂಜೆ ಅಥವಾ ಮಾರನೇ ದಿನ ನೀರು ಕೊಡ್ತಾರೆ, ಎರಡು ಮೂರು ದಿನಕ್ಕೆ ಮನೆಗೆ ಕಳಿಸ್ತಾರೆ. ಭುಜ ನೋವು ಬಂದ್ರೆ ಹೆದರಬೇಡಿ, ಹೊಟ್ಟೆಗೆ ತುಂಬಿದ ಗ್ಯಾಸ್ ವಪೆಗೆ, ಅಂದ್ರೆ ಎದೆಗೂ ಹೊಟ್ಟೆಗೂ ಮಧ್ಯದ ಸ್ನಾಯುವಿಗೆ, ತಾಗಿ ಬರೋದು, ಒಂದೆರಡು ದಿನಕ್ಕೆ ಹೋಗತ್ತೆ. ಹೆದರಬೇಕಾದ್ದು ಜ್ವರ, ಹೆಚ್ಚಾಗ್ತಾ ಹೋಗೋ ಎದೆ ನೋವು, ಉಸಿರು ಕಟ್ಟೋದು, ಎದೆ ಡವಡವ ಅನ್ನೋದು, ಕುತ್ತಿಗೆ ಚರ್ಮ ಮುಟ್ಟಿದ್ರೆ ಚರಚರ ಅನ್ನೋದಕ್ಕೆ. ಇದರಲ್ಲಿ ಒಂದು ಬಂದ್ರೂ ಅದೇ ಆಸ್ಪತ್ರೆಗೆ ಆವತ್ತೇ ವಾಪಸ್. ಬಲೂನ್, ಪೋಯಮ್ ಆದೋರಿಗೂ ಇದೇ ಮಾತು.

ಮೊದಲ ಎರಡು ವಾರ ಗಂಜಿ, ಮೆತ್ತಗೆ ಕಿವುಚಿದ ಮೊಸರನ್ನ, ರಾಗಿ ಅಂಬಲಿ, ಬೆಂದು ಕರಗಿದ ಬೇಳೆ. ಆಮೇಲೆ ನಿಧಾನಕ್ಕೆ ಮೆತ್ತನೆ ಇಡ್ಲಿ, ಸಾರನ್ನ. ಕಡುಬು, ಅಕ್ಕಿ ರೊಟ್ಟಿ, ಚಪಾತಿ, ಬ್ರೆಡ್ಡು, ಒಣ ಅವಲಕ್ಕಿ ಇವೆಲ್ಲ ತಿಂಗಳ ಮೇಲೆ, ಅದೂ ಚೆನ್ನಾಗಿ ಅಗಿದು, ಸಾಂಬಾರಲ್ಲಿ ನೆನೆಸಿ. ಹಲಸಿನ ಹಣ್ಣಿನ ತೊಳೆ ನಾರು ಜಾಸ್ತಿ ಇರತ್ತೆ, ಅದು ಇನ್ನೂ ಆಮೇಲೆ. ಕೊನೇ ತುತ್ತು ಆದ್ಮೇಲೆ ಒಂದು ಲೋಟ ನೀರು, ಮಲಗೋಕೆ ಮುಂಚೆ ಮೂರು ಗಂಟೆ ಬಿಡುವು, ಇದು ಯಾವಾಗ್ಲೂ ಇರ್ಲಿ.

ನಮ್ಮ ಕಡೆಯವರಿಗೆ ಮಾತ್ರ ಹೇಳೋ ಒಂದು ವಿಷಯ ಇದೆ. ಮಣಿಪಾಲದಲ್ಲೋ ಮಂಗಳೂರಲ್ಲೋ ಮಾಡಿಸ್ಕೊಂಡು ವಾಪಸ್ ಬರುವಾಗ ಹುಲಿಕಲ್ಲೋ ಆಗುಂಬೆನೋ ಯಾವ್ದಾದ್ರೂ ಒಂದು ಘಾಟಿ ಹತ್ತಲೇಬೇಕು, ಆ ತಿರುವುಗಳಲ್ಲಿ ವಾಂತಿ ಬರೋರು ಬಹಳ ಜನ. ಹೊಲಿಗೆ ಹಸಿ ಇರುವಾಗ ಜೋರಾಗಿ ಓಕರಿಸಿದ್ರೆ ಹೊದಿಸಿದ ಭಾಗ ಕಿತ್ತುಬರಬಹುದು. ಡಿಸ್ಚಾರ್ಜ್ ದಿನ ನಮಗೆ ಘಾಟಿ ಹತ್ತೋದಿದೆ ಅಂತ ಹೇಳಿ, ವಾಂತಿ ತಡೆಯೋ ಮಾತ್ರೆ ಹೊರಡೋ ಮುಂಚೆನೇ ತಗೊಳ್ಳಿ, ಮುಂದಿನ ಸೀಟಲ್ಲಿ ಕೂರಿಸಿ, ನಿಧಾನಕ್ಕೆ ಬನ್ನಿ. ಮಳೆಗಾಲದ ಕೆಮ್ಮಿಗೂ ಹಾಗೇ, ಮನೇಲಿ ಇರೋ ಕಷಾಯ ಬೆಚ್ಚಗೆ ಕುಡೀಲಿ ಪರ್ವಾಗಿಲ್ಲ, ಆದ್ರೆ ಕೆಮ್ಮು ಬಿಡದಿದ್ರೆ ಔಷಧಿ ತಗೊಳ್ಳಿ.

ಸುಗ್ಗಿ ವಿಷಯಕ್ಕೆ ಬರ್ತೀನಿ. ಬೇಡ, ಕಾಯಬೇಡಿ. ಒಂಬತ್ತು ಕೆಜಿ ಇಳಿದಿದ್ದಾರೆ, ರಾತ್ರಿ ಊಟ ಶ್ವಾಸಕ್ಕೆ ಹೋಗ್ತಿದೆ, ಇನ್ನು ನಾಲ್ಕೈದು ತಿಂಗಳು ಅಂದ್ರೆ ಇನ್ನಷ್ಟು ಸೊರಗಿ ಆಪರೇಷನ್ ತಡೆಯೋ ಶಕ್ತಿನೇ ಕಮ್ಮಿ ಆಗತ್ತೆ. ಅದಕ್ಕಿಂತ ಮುಖ್ಯ, ನಾಳ ಹಿಗ್ಗಿ ಹಿಗ್ಗಿ ಹಾವಿನ ಹಾಗೆ ಬಳುಕೋ ಹಂತಕ್ಕೆ ಹೋಯ್ತು ಅಂದ್ರೆ ಆಮೇಲೆ ಬಾಗಿಲು ತೆಗೆದ್ರೂ ಊಟ ಬಳುಕಿನಲ್ಲೇ ನಿಲ್ಲತ್ತೆ, ಕೆಲವರಿಗೆ ಅನ್ನನಾಳವನ್ನೇ ತೆಗೀಬೇಕಾಗತ್ತೆ, ಅದು ನಿಜವಾಗ್ಲೂ ದೊಡ್ಡ ಆಪರೇಷನ್. ಈಗ ಮಾಡಿಸಿದ್ರೆ ಎರಡು ವಾರಕ್ಕೆ ಮನೆ ಒಳಗಿನ ಹಗುರ ಕೆಲಸ, ಕೂತು ಅಡಿಕೆ ಸುಲಿಯೋದು ಮಾಡಬಹುದು, ಬಗ್ಗಿ ಬಗ್ಗಿ ಬಿದ್ದ ಗೋಟಡಿಕೆ ಹೆಕ್ಕೋದು, ಹಂಡೆ ಎತ್ತೋದು, ತಲೆ ಮೇಲೆ ಹೊರೆ ಹೊರೋದು ಆರು ವಾರ ಬೇಡ. ಈ ವರ್ಷದ ಸುಗ್ಗಿಗೆ ಆಳು ಹೆಚ್ಚಿಗೆ ಹಿಡೀಬೇಕಾಗತ್ತೆ, ಅಷ್ಟೇ. ಮಕ್ಕಳಿಗೆ, ಮನೆ ಹಿರಿಯರಿಗೆ ಇದನ್ನ ನೀವೇ ಗಟ್ಟಿಯಾಗಿ ಹೇಳಿ, ನಿಮ್ಮ ಹೆಂಡ್ತಿ ತಾವಾಗೇ ನನ್ನಿಂದ ಕೆಲಸ ನಿಂತ್ಹೋಯ್ತು ಅಂತ ಎದ್ದು ದುಡಿಯೋಕೆ ಹೋಗೋದು ಬೇಡ.

ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ನೋಡಿ. ಬಿಪಿಎಲ್ ಕಾರ್ಡ್ ಇದ್ರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಪ್ರೈವೇಟ್ ಆಸ್ಪತ್ರೆಗೆ ಹೋಗೋದಾದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗತ್ತೆ, ನಿಮಗೆ ಅದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೇಲಿ ಕೇಳಬಹುದು. ಸಹಕಾರ ಸಂಘದ ಮೆಂಬರ್ ಆಗಿ ಯಶಸ್ವಿನಿ ಕಟ್ಟಿದ್ರೆ ಆ ಕಾರ್ಡೂ ಒಯ್ಯಿರಿ. ಆಸ್ಪತ್ರೆಯ ಆರೋಗ್ಯಮಿತ್ರರ ಕೌಂಟರಲ್ಲಿ ಆಪರೇಷನ್ ಹೆಸರು ಬರೆದ ಚೀಟಿ ತೋರಿಸಿ ಯಾವ ಪ್ಯಾಕೇಜಲ್ಲಿ ಬರತ್ತೆ ಅಂತ ಅಡ್ಮಿಟ್ ಆಗೋ ಮುಂಚೆನೇ ಕೇಳಿ, ಆಮೇಲೆ ಕೇಳಿದ್ರೆ ಕಷ್ಟ. ಹೋಗುವಾಗ ಮ್ಯಾನೊಮೆಟ್ರಿಯ ಬಣ್ಣದ ಪ್ರಿಂಟು, ಎರಡೂ ಎಂಡೋಸ್ಕೋಪಿ ರಿಪೋರ್ಟು, ಬೇರಿಯಂ ಫಿಲ್ಮು, ಈಗ ತಗೊಳ್ತಿರೋ ಮಾತ್ರೆ ಚೀಟಿ, ಮೂರು ವರ್ಷದಲ್ಲಿ ತೂಕ ಇಳಿದ ಲೆಕ್ಕ ಒಂದು ಹಾಳೇಲಿ ಬರ್ಕೊಂಡು ಹೋಗಿ, ಟೆಸ್ಟ್ ಮತ್ತೆ ಮೊದಲಿಂದ ಮಾಡಿಸೋದು ಉಳಿಯತ್ತೆ.